ಗಟ್ಟಿ ಮನುಷ್ಯ ಬೇಕಾಗಿದ್ದಾನೆ

ಗುರುಪುತ್ರಪ್ಪನ ಫಜೀತಿ ಶುರುವಾದದ್ದು ಖಾನಾಪುರದ ಬಾಳಪ್ಪ ಫೋನಿನಲ್ಲಿ ಕೇಳಿದ ಒಂದು ಸಣ್ಣ ಪ್ರಶ್ನೆಯಿಂದ. ಮನೆತನ, ನೌಕರಿ, ಸ್ವಂತ ಮನೆ ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆ ಬಾಳಪ್ಪ, ‘ಎಲ್ಲಾ ಬರೋಬ್ಬರಿ ಐತ್ರಿ. ನಿಮ್ಮ ಪ್ರಕೃತಿ ಹೆಂಗೈತಿ?’ ಎಂದು ಕೇಳಿದ. ‘ಗಟ್ಟಿ ಐತ್ರಿ’ ಅಂದ ಗುರುಪುತ್ರಪ್ಪ. ಅತ್ತಲಿಂದ ಬಾಳಪ್ಪ ‘ಹಂ’ ಅಂದ. ಆ ‘ಹಂ’ ಗುರುಪುತ್ರಪ್ಪನ ಕಿವಿಯೊಳಗೆ ಸೊಳ್ಳೆಯ ಹಾಗೆ ಹೊಕ್ಕು ಕೂತುಬಿಟ್ಟಿತು.

ವಿಷಯ ಅವನ ಮದುವೆಯದೇ ಆಗಿತ್ತು. ಹೆಂಡತಿ ತೀರಿಕೊಂಡು ವರ್ಷಗಳು ಕಳೆದಿದ್ದವು. ಐವತ್ತು ದಾಟಿದವನು ಮತ್ತೆ ಬಾಸಿಂಗ ಕಟ್ಟಿಕೊಂಡರೆ ಬೆಳಗಾವಿಯ ರಾಮತೀರ್ಥ ನಗರದ ಜನ ಏನಂದಾರು ಎಂದು ಹಿಂಜರಿಯುತ್ತಲೇ ಇದ್ದವನು, ಜೊತೆಗಿದ್ದ ಅಕ್ಕ ಸಾತವ್ವನ ಕಾಟಕ್ಕೆ ಕಡೆಗೂ ಹೂಂ ಅಂದಿದ್ದ. ಬಾಳಪ್ಪನ ತಂಗಿ ಕಾಂತಾ ಖಾನಾಪುರದಲ್ಲಿ ಕನ್ನಡ ಸಾಲಿಯ ಟೀಚರು. ಅವಳೂ ಗಂಡನನ್ನು ಕಳೆದುಕೊಂಡವಳು. ಬಾಳಪ್ಪ ಕಳಿಸಿದ ಫೋಟೋದಲ್ಲಿ ಅವಳು ಕರಿಹಲಿಗೆಯ ಮುಂದೆ ನಿಂತು, ಮನೆಗೆಲಸ ಮಾಡಿಕೊಂಡು ಬಾರದ ಹುಡುಗನನ್ನು ನೋಡುವಂತೆ ಕ್ಯಾಮೆರಾವನ್ನು ನೋಡುತ್ತಿದ್ದಳು. ಆ ನೋಟಕ್ಕೆ ಗುರುಪುತ್ರಪ್ಪ ಪೂರ್ತಿ ಸೋತುಹೋದ. ದಿನಕ್ಕೆ ಹತ್ತಾರು ಸಲ ಫೋಟೋ ತೆರೆಯುವುದು, ತಾನು ಮಾಡದ ತಪ್ಪಿಗೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳುವುದು, ಮುಚ್ಚುವುದು.

ಅಂಥವಳ ಅಣ್ಣ ‘ಹಂ’ ಅಂದರೆ ಹೇಗೆ? ಗುರುಪುತ್ರಪ್ಪನ ಅಭಿಮಾನಕ್ಕೆ ಪೆಟ್ಟು ಬಿತ್ತು. ನೀರು ಸರಬರಾಜು ಆಫೀಸಿನ ಮೀಟರ್ ರೀಡರನಾಗಿ ಬೆಳಗಾವಿಯ ಓಣಿ ಓಣಿ ನಡೆದವನು ಅವನು. ಜೀವಮಾನದಲ್ಲಿ ಒಂದು ಗುಳಿಗೆ ನುಂಗಿದವನಲ್ಲ. ದವಾಖಾನೆಯ ಮೆಟ್ಟಿಲು ಹತ್ತಿದ್ದೆಲ್ಲ ನೀರಿನ ಮೀಟರು ನೋಡಲಿಕ್ಕೆ ಮಾತ್ರ. ಇದನ್ನು ಅವನು ಎಲ್ಲರಿಗೂ ಹೇಳುತ್ತಿದ್ದ. ಹಿಂದಿನ ರಸ್ತೆಯಲ್ಲಿದ್ದ ಡಾಕ್ಟರ್ ನೇತ್ರಾ ಅವರ ಮೀಟರು ನೋಡಲು ಹೋದಾಗ ಖಾನಾಪುರದ ‘ಹಂ’ ಸಮೇತ ಅವರಿಗೂ ಹೇಳಿದ.

ನೇತ್ರಾ ಊರಿನ ಒಂದು ದೊಡ್ಡ ದವಾಖಾನೆಯಲ್ಲಿ ಸಂಶೋಧನೆಯ ಕೆಲಸ ನೋಡುವವರು. ಗುಳಿಗೆಯನ್ನೇ ನುಂಗದ ಮನುಷ್ಯ ಗೇಟಿನಲ್ಲಿ ನಿಂತಿದ್ದಾನೆಂದು ಕೇಳಿ ಅವರ ಮುಖ ಅರಳಿತು. ರೋಗಿಗಳು ಬೇಕಾದಷ್ಟು ಮಂದಿ ಸಿಗುತ್ತಾರೆ, ಸಿಗದಿರುವುದು ಗಟ್ಟಿ ಮನುಷ್ಯರು ಎಂದು ಅವರು ವಿವರಿಸಿದರು. ‘ಜಡ್ಡು ಅಂದ್ರ ಏನಂತ ತಿಳೀಬೇಕಾದ್ರ, ಬಾಜೂಕ ಜಡ್ಡಿಲ್ದವ್ರನ್ನ ಕುಂದ್ರಿಸಿ ತಾಳೆ ನೋಡಬೇಕಾಗ್ತದ್ರಿ. ಒಂದು ದಿವಸ ಬರ್ರಿ. ಎಲ್ಲಾ ವಿಭಾಗದವ್ರೂ ನಿಮ್ಮನ್ನ ನೋಡ್ಲಿ. ಆಮ್ಯಾಲ ಖಾನಾಪುರದವ್ರು ಕೇಳಿದ್ರ ನಾನ ಹೇಳ್ತೀನಿ.’

ಬಾಳಪ್ಪನ ‘ಹಂ’ಗೆ ಇದಕ್ಕಿಂತ ಒಳ್ಳೆಯ ಉತ್ತರ ಎಲ್ಲಿ ಸಿಗಬೇಕು? ಹೆಣ್ಣು ನೋಡಲು ಖಾನಾಪುರಕ್ಕೆ ಹೋಗಬೇಕಾದ ದಿನಕ್ಕೆ ಹೇಗೂ ರಜೆ ಹಾಕಿದ್ದ. ಮುಂಜಾನೆ ದವಾಖಾನೆ ಮುಗಿಸಿ ಸಂಜೆಗೆ ಅತ್ತ ಹೋಗುವುದೆಂದು ಲೆಕ್ಕ ಹಾಕಿದ. ಸಾತವ್ವನಿಗೆ ಮಾತ್ರ, ಆಫೀಸಿಗೆ ಹೋಗಿ ಸಾಹೇಬರನ್ನು ಕಂಡು ಮಧ್ಯಾಹ್ನದೊಳಗೆ ಬರುತ್ತೇನೆ ಎಂದು ಸುಳ್ಳು ಹೇಳಿದ. ತಮ್ಮ ಗಟ್ಟಿಯಾಗಿದ್ದಾನೆಂದು ಯಾರಾದರೂ ಬಾಯಿಬಿಟ್ಟು ಹೇಳಿದರೂ ದೃಷ್ಟಿಯಾಗುತ್ತದೆಂದು ಮೆಣಸಿನಕಾಯಿ ಸುಡುವ ಹೆಂಗಸು ಅವಳು. ಡಾಕ್ಟರರೆಲ್ಲ ಕೂಡಿ ಹಾಗೆ ಹೇಳುತ್ತಾರೆಂದರೆ ಬ್ಯಾಡಗಿಯ ಒಂದು ಚೀಲವನ್ನೇ ಒಲೆಗೆ ಹಾಕುತ್ತಿದ್ದಳು.

ದವಾಖಾನೆಯಲ್ಲಿ ಗುರುಪುತ್ರಪ್ಪನಿಗೆ ಮಂತ್ರಿಗೆ ಸಿಗುವ ಸ್ವಾಗತ ಸಿಕ್ಕಿತು. ಒಬ್ಬರು ಕೊಳವೆಯೊಳಗೆ ಊದಿಸಿದರು. ಒಬ್ಬರು ಕಣ್ಣು ಕಟ್ಟಿ ಲವಂಗ ಯಾವುದು, ಕಾಫಿಪುಡಿ ಯಾವುದು ಎಂದು ಮೂಸಿಸಿದರು. ಒಬ್ಬರು ಒಂಟಿಕಾಲಲ್ಲಿ ನಿಲ್ಲಿಸಿ ಗಡಿಯಾರ ಹಿಡಿದರು. ಇನ್ನೊಬ್ಬರಿಗೆ ಅವನ ಹೊಟ್ಟೆಯೊಳಗಿನ ಹುಳುಗಳಲ್ಲಿ ಒಳ್ಳೆಯವು ಯಾವುವು, ಕೆಟ್ಟವು ಯಾವುವು ಎಂಬುದೇ ಧ್ಯಾನ. ಮನುಷ್ಯನ ಮೈಯೆಂದರೆ ಬೆಳಗಾವಿಗಿಂತ ದೊಡ್ಡ ಊರು, ಓಣಿಗೊಬ್ಬ ಡಾಕ್ಟರು ಕೂತು ತನ್ನ ಓಣಿಯೇ ಮುಖ್ಯವೆಂದು ಕಾಯುತ್ತಿದ್ದಾನೆ ಎಂದು ಗುರುಪುತ್ರಪ್ಪನಿಗೆ ಅವತ್ತು ಗೊತ್ತಾಯಿತು. ಒಂದು ಕಡೆ ತಲೆತುಂಬ ಅಂಟು ಹಚ್ಚಿ ವೈರು ಕೂಡಿಸಿ ಮಿದುಳಿನ ಗೆರೆ ಬರೆದುಕೊಂಡರು. ವೈರು ತೆಗೆದರು, ಅಂಟು ಉಳಿಯಿತು. ಕೂದಲು ಜೋಳ ಕೊಯ್ದ ಹೊಲದ ಕೂಳೆಯ ಹಾಗೆ ನೆಟ್ಟಗೆ ನಿಂತಿತು.

ಅದೇ ತಲೆಯಲ್ಲಿ ಅವನು ಮಾನಸಿಕ ರೋಗ ವಿಭಾಗಕ್ಕೆ ಹೋದ. ಅಲ್ಲಿನ ಹಿರಿಯ ಡಾಕ್ಟರಿಗೆ ಹುಚ್ಚಿನ ಇತಿಹಾಸದ ಹುಚ್ಚು. ನೂರು ವರ್ಷದ ಹಿಂದೆ ಹುಚ್ಚಾಸ್ಪತ್ರೆಗೆ ಕರೆತಂದವರನ್ನು ಏನೇನು ಕೇಳುತ್ತಿದ್ದರೋ ಅದನ್ನೇ ಬುದ್ಧಿ ನೆಟ್ಟಗಿರುವ ಇಂದಿನ ಶಹಾಣ್ಯಾ ಮನುಷ್ಯನಿಗೆ ಕೇಳಿದರೆ ಅವನು ಪಾಸಾಗುತ್ತಾನೋ ಇಲ್ಲವೋ ಎಂಬುದು ಅವರ ಸಂಶೋಧನೆ.

ಒಬ್ಬರೇ ಇದ್ದಾಗ ಮಾತಾಡುತ್ತೀರಾ ಎಂದು ಕೇಳಿದರು. ಮೀಟರಿನ ಅಂಕಿ ಬರೆಯುವಾಗ ಜೋರಾಗಿ ಓದಿಕೊಳ್ಳುವುದುಂಟು ಎಂದು ಗುರುಪುತ್ರಪ್ಪ ಒಪ್ಪಿಕೊಂಡ. ದಿನವೆಲ್ಲ ಮನೆಯಿಂದ ಮನೆಗೆ ಅಲೆಯುತ್ತೀರಾ? ಅಲೆಯುತ್ತೇನೆ. ಪ್ರಾಣಿಗಳು ನಿಮ್ಮ ಮೇಲೆ ಹಗೆ ಸಾಧಿಸುತ್ತಿವೆ ಅನಿಸುತ್ತದೆಯೇ? ‘ನಾಯಿ ಸಾಧಸ್ತಾವ್ರಿ,’ ಅಂದ ಗುರುಪುತ್ರಪ್ಪ, ಪ್ಯಾಂಟನ್ನು ಎತ್ತಿ ಕಲೆ ತೋರಿಸುತ್ತ. ಜನ ನಿಮ್ಮ ಬೆನ್ನ ಹಿಂದೆ ಮಾತಾಡುತ್ತಾರೆ ಎಂಬ ಅನುಮಾನವಿದೆಯೇ ಎಂಬುದು ಕೊನೆಯ ಪ್ರಶ್ನೆ. ಬಡ ಮೀಟರ್ ರೀಡರನ ಬಗ್ಗೆ ಯಾರು ಏನು ಮಾತಾಡುತ್ತಾರೆ, ಅಂಥ ಅನುಮಾನ ತನಗೆ ಎಂದೂ ಬಂದಿಲ್ಲವೆಂದ.

ಹಿರಿಯ ಡಾಕ್ಟರು ಮನಸಾರೆ ನಕ್ಕರು. ಹಳೆಯ ಲೆಕ್ಕದಲ್ಲಿ ನಿಮ್ಮನ್ನು ಒಳಗೆ ಹಾಕಿ ಕೀಲಿ ಹಾಕುತ್ತಿದ್ದರು, ಇಂದಿನ ಲೆಕ್ಕದಲ್ಲಿ ನಿಮ್ಮಷ್ಟು ಸರಿಯಾಗಿರುವವರು ಅಪರೂಪ ಎಂದು ಬೆನ್ನು ತಟ್ಟಿ ಕಳಿಸಿದರು. ನಾಯಿಯ ಪ್ರಶ್ನೆಯನ್ನು ನೆನೆದು ಗುರುಪುತ್ರಪ್ಪ ಒಬ್ಬನೇ ನಗುತ್ತ ಹೊರಗೆ ಬಂದ.

ಎದುರು ಮನೆಯ ತ್ರಿವೇಣಿ ಅವತ್ತೇ ತನ್ನ ಅತ್ತೆಯ ಕಣ್ಣು ತೋರಿಸಲು ಅದೇ ದವಾಖಾನೆಗೆ ಬಂದಿದ್ದಳು. ಓಣಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಬಲ್ಲ ಹೆಂಗಸು. ಮಾನಸಿಕ ರೋಗ ವಿಭಾಗದ ಬೋರ್ಡಿನ ಕೆಳಗಿಂದ, ಕೂದಲು ನೆಟ್ಟಗೆ ನಿಲ್ಲಿಸಿಕೊಂಡು, ತನ್ನಷ್ಟಕ್ಕೆ ನಗುತ್ತ ಗುರುಪುತ್ರಪ್ಪ ಬರುವುದನ್ನು ಅವಳು ಕಂಡಳು. ಕಂಬದ ಮರೆಗೆ ಸರಿದು, ಅವನು ದಾಟಿದ ಮೇಲೆ ಸಾತವ್ವನಿಗೆ ಫೋನು ಹಚ್ಚಿದಳು.

ಇತ್ತ ಅವನನ್ನು ರೇಡಿಯೋಥೆರಪಿ ವಿಭಾಗಕ್ಕೆ ಕರೆದೊಯ್ದಿದ್ದರು. ಜನ ಅದನ್ನು ಕರೆಂಟ್ ಕೊಡುವ ವಿಭಾಗ ಎನ್ನುತ್ತಾರೆ. ಕಿರಣಗಳು ಗಡ್ಡೆಯ ಮೇಲಷ್ಟೇ ಬೀಳಬೇಕು, ಬಾಜುವಿನದಕ್ಕೆ ತಾಗಬಾರದು. ಅದಕ್ಕಾಗಿ ರೋಗಿಯ ತಲೆ ಅಲುಗದಂತೆ ಮುಖಕ್ಕೆ ಒಂದು ಮುಖವಾಡ ಮಾಡುತ್ತಾರೆ ಎಂದು ಅಲ್ಲಿನ ಡಾಕ್ಟರು ತಿಳಿಸಿದರು. ಈಗ ಹೊಸ ಬಗೆಯ ಮುಖವಾಡ ಬಂದಿದೆ, ಅದರೊಳಗೆ ಉಸಿರಾಟ ಸರಾಗವೋ ಇಲ್ಲವೋ ಎಂದು ಮೊದಲು ಗಟ್ಟಿ ಮನುಷ್ಯನ ಮೇಲೆ ನೋಡಬೇಕು, ಕಿರಣ ಗಿರಣ ಏನೂ ಬಿಡುವುದಿಲ್ಲ ಎಂದರು. ಗುರುಪುತ್ರಪ್ಪ ಮಲಗಿದ. ಬಿಸಿನೀರಲ್ಲಿ ಅದ್ದಿದ ತೂತುತೂತಿನ ಬಿಳಿ ಹಾಳೆ ಹಸಿ ರೊಟ್ಟಿಯ ಹಾಗೆ ಮೆತ್ತಗಾಗಿ ಅವನ ಮುಖದ ಮೇಲೆ ಬಿತ್ತು. ನೋಡನೋಡುತ್ತಲೇ ಬಿಗಿಯಿತು, ಗಟ್ಟಿಯಾಯಿತು. ಅಂಚನ್ನು ಮಂಚಕ್ಕೆ ಕಟಕಟನೆ ಸಿಕ್ಕಿಸಿದರು.

ಕಾಂತಾಳನ್ನು ನೆನೆಯುತ್ತ ಅವನು ಹಾಯಾಗಿ ಮಲಗಿದ್ದಾಗ ಯಾರೋ ಏನೋ ತರಲು ಬಾಗಿಲು ತೆರೆದರು. ಸೋದರಮಾವನನ್ನು ಕರೆತಂದು ಹೊರಗೆ ಕೂತಿದ್ದ ರಾಯಪ್ಪ ಒಳಗೆ ಕಣ್ಣು ಹಾಯಿಸಿದ. ರಾಯಪ್ಪ ಅದೇ ಆಫೀಸಿನ ವಾಲ್ವ್‌ಮನ್. ಮುಖ ಕಾಣದಿದ್ದರೂ ಖಾಕಿ ಅಂಗಿಯನ್ನೂ ಹೊಟ್ಟೆಯನ್ನೂ ಗುರುತು ಹಿಡಿದ. ‘ಗುರುಪುತ್ರಪ್ಪಣ್ಣಾ?’ ಎಂದು ಮೆಲ್ಲಗೆ ಕೂಗಿದ. ಮುಖವಾಡದೊಳಗಿಂದ ‘ಹ್ಞೂಂಂ’ ಎಂಬ ನರಳಾಟ ಬಂತು. ಬಾಗಿಲು ಮುಚ್ಚಿತು.

ಮಧ್ಯಾಹ್ನ ಹಸಿದು ಮನೆಗೆ ಬಂದ ಗುರುಪುತ್ರಪ್ಪ ಬಾಗಿಲಲ್ಲೇ ನಿಂತ. ಅಂಗಳದ ತುಂಬ ಚಪ್ಪಲಿ. ಒಳಗೆ ಸಾತವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದು ಬದಿಗೆ ತ್ರಿವೇಣಿ, ಇನ್ನೊಂದು ಬದಿಗೆ ರಾಯಪ್ಪ. ಒಬ್ಬಳು ಮಾನಸಿಕ ಅಂದಿದ್ದಳು, ಒಬ್ಬ ಕರೆಂಟು ಅಂದಿದ್ದ. ಎರಡನ್ನೂ ಕೂಡಿಸಿ, ತಲೆಗೆ ಕರೆಂಟು ಕೊಡುವಷ್ಟು ಅವನ ಬುದ್ಧಿ ಕೆಟ್ಟಿದೆ ಎಂಬ ನಿರ್ಧಾರಕ್ಕೆ ಅವರು ಬಂದಾಗಿತ್ತು. ಬಾಗಿಲಲ್ಲಿ ನಿಂತವನ ಕೂದಲು ನೋಡಿ, ಮುಖವಾಡದ ಜಾಳಿಗೆ ಕೆನ್ನೆಯ ಮೇಲೆಲ್ಲ ಮೂಡಿಸಿದ್ದ ಕೆಂಪು ಚೌಕಗಳನ್ನು ನೋಡಿ, ಅವರಿಗಿದ್ದ ಅಷ್ಟಿಷ್ಟು ಅನುಮಾನವೂ ಹೋಯಿತು.

‘ಯಕ್ಕಾ, ನನಗೇನೂ ಆಗಿಲ್ಲ. ನಾ ಆರಾಮ ಅದೀನಿ,’ ಎಂದ ಗುರುಪುತ್ರಪ್ಪ.

‘ಹಿಂಗ ಅಂತಾರ ನೋಡ್ರಿ,’ ಎಂದಳು ತ್ರಿವೇಣಿ ಸಾತವ್ವನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ. ‘ಮನಸ್ಸಿನ ಜಡ್ಡು ಇದ್ದವ್ರು ಮೊದಲ ಹೇಳೂ ಮಾತ ಇದು.’

ಅವನು ಕೂತು, ಸಮಾಧಾನವಾಗಿ, ಇದು ಸಂಶೋಧನೆ ಎಂದು ತಿಳಿಹೇಳಿದ. ಸಂಶೋಧನೆ ಎಂದರೆ ಔಷಧ ಇನ್ನೂ ಸಿಕ್ಕಿಲ್ಲ ಎಂದರ್ಥ ಎಂದು ರಾಯಪ್ಪ ತಲೆತಗ್ಗಿಸಿದ. ಅವನು ಸ್ವಲ್ಪ ದನಿಯೇರಿಸಿದ. ಸಿಟ್ಟು ಬರುವುದೂ ಅದೇ ಜಡ್ಡಿನ ಲಕ್ಷಣವೆಂದಳು ತ್ರಿವೇಣಿ. ಅವನು ಸುಮ್ಮನಾದ. ನೋಡಿ, ಮಂಕು ಕವಿಯಿತು ಎಂದರು. ಅಡಿಗೆ ಮನೆಯಿಂದ ಎಣ್ಣೆಗಾಯಿ ಪಲ್ಯದ ವಾಸನೆ ಬರುತ್ತಿತ್ತು. ರೋಗಿಗೆ ಖಾರ ಕೂಡದೆಂದು ಅವನ ಮುಂದೆ ಒಂದು ಬಟ್ಟಲು ಗಂಜಿ ಇಟ್ಟರು. ರೊಟ್ಟಿ ಪಲ್ಯವನ್ನು ದುಃಖದಲ್ಲಿದ್ದವರೇ ಹಂಚಿಕೊಂಡು ಉಂಡರು.

ಗಂಜಿ ಕುಡಿಯುತ್ತಿದ್ದಾಗ ರಾಯಪ್ಪ ಇನ್ನೊಂದು ಸುದ್ದಿ ಹೇಳಿದ. ಪರರ ಹೆಣ್ಣುಮಗಳ ಬಾಳು ಹಾಳಾಗಬಾರದೆಂದು ಸಾತವ್ವನಿಂದ ನಂಬರು ಪಡೆದು ಖಾನಾಪುರದ ಬಾಳಪ್ಪನಿಗೆ ತಾನೇ ಫೋನು ಮಾಡಿ ಎಲ್ಲ ತಿಳಿಸಿಬಿಟ್ಟಿದ್ದ. ಗುರುಪುತ್ರಪ್ಪ ಗಂಜಿಯ ಬಟ್ಟಲು ಕೆಳಗಿಟ್ಟ. ಬಾಳಪ್ಪ ಏನೆಂದ ಎಂದು ಕೇಳಿದ.

‘ಮೊದಲು ಬ್ಯಾಡಂದ್ರು. ಆಮ್ಯಾಲ ಅವ್ರ ತಂಗಿಗೆ ಕೇಳಿ ಬಂದು, ಸಂಜಿಗೆ ಕಳಸ್ರಿ, ಕಾಂತಾ ಕರದಾಳ ಅಂದ್ರು,’ ಎಂದ ರಾಯಪ್ಪ. ಯಾಕೆಂದು ಅವನಿಗೂ ತಿಳಿದಿರಲಿಲ್ಲ. ಎದುರಿಗೆ ಕೂಡಿಸಿಕೊಂಡು ಬೈಯಲಿಕ್ಕೇ ಇರಬೇಕು ಎಂಬುದು ತ್ರಿವೇಣಿಯ ಅಂದಾಜು.

ಗುರುಪುತ್ರಪ್ಪನಿಗೂ ಹಾಗೇ ಅನಿಸಿತು. ಆದರೆ ಮರ್ಯಾದೆ ಉಳಿಸಿಕೊಳ್ಳಲು ಒಂದು ದಾರಿಯಿತ್ತು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದವನು, ಒಣಹಾಕಿದ್ದ ಬಿಳಿ ಅಂಗಿ ತೊಟ್ಟು, ಕಂಪೌಂಡು ಹಾರಿ, ನೇತ್ರಾ ಅವರ ಮನೆಯ ಗೇಟು ಬಡಿದ. ಹಾರಿದ್ದನ್ನು ಓಣಿಯವರು ಕಂಡರು. ಆದರೆ ಈ ವಯಸ್ಸಿನಲ್ಲಿ ಎಂಥ ಆರೋಗ್ಯ ಎಂದು ಒಬ್ಬರೂ ಅನ್ನಲಿಲ್ಲ.

ನೇತ್ರಾ ಅವತ್ತು ಸಮೀಕ್ಷೆಗೆಂದು ನಂದಗಡಕ್ಕೆ ಹೊರಟಿದ್ದರು. ಖಾನಾಪುರ ದಾರಿಯಲ್ಲೇ ಸಿಗುತ್ತದೆ, ನಾನೇ ಬಂದು ಹೇಳುತ್ತೇನೆ, ನಿಮ್ಮಂಥ ಆರೋಗ್ಯವಂತನನ್ನು ನಾವು ಈ ವರ್ಷವೆಲ್ಲ ಕಂಡಿಲ್ಲ ಎಂದು ಕಾರು ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಗುರುಪುತ್ರಪ್ಪ ಕನ್ನಡಿಯಲ್ಲಿ ನೋಡಿಕೊಳ್ಳುತ್ತ ಕೆನ್ನೆ ತಿಕ್ಕಿದ. ಕೆಂಪು ಚೌಕಗಳು ಮಸುಕಾದವು. ತಿಕ್ಕಿದ್ದರಿಂದ ಕೆನ್ನೆಯೇ ಪೂರ್ತಿ ಕೆಂಪಾಯಿತು. ಬೆಳಗಾವಿ ದಾಟುವ ಮೊದಲೇ ಮಿಠಾಯಿ ಅಂಗಡಿಯೊಂದರಲ್ಲಿ ಕುಂದಾ ಕಟ್ಟಿಸಿಕೊಂಡಿದ್ದ.

ಬಾಳಪ್ಪನ ಮನೆಯಲ್ಲಿ ಬೈಗುಳ ಬರಲಿಲ್ಲ. ಬಾಳಪ್ಪ ಮೋರೆ ಗಂಟಿಕ್ಕಿಕೊಂಡೇ ಬರ್ರಿ, ಕುಂದರ್ರಿ ಅಂದ. ಕಾಂತಾ ಮಾತ್ರ ಫೋಟೋದ ಕಾಂತಾ ಆಗಿರಲಿಲ್ಲ. ಸಾಲಿಯಿಂದ ಈಗಷ್ಟೇ ಬಂದಿದ್ದಳು, ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡಿತ್ತು. ಅವನ ಬೆನ್ನಿಗೆ ತಾನೇ ಒಂದು ಲೋಡು ತಂದು ಆನಿಸಿದಳು. ಫ್ಯಾನು ಜೋರಾಯಿತೇ ಎಂದು ಕೇಳಿದಳು. ಅವಲಕ್ಕಿಗೆ ಖಾರ ಹೆಚ್ಚಾಗಿದ್ದರೆ ಮೊಸರು ಕೊಡುತ್ತೇನೆಂದಳು. ಬಸ್ಸಿನಲ್ಲಿ ದಣಿದಿರೇನೋ ಅಂದುಕೊಂಡಿದ್ದೆ, ಡಾಕ್ಟರರ ಜೊತೆ ಬಂದದ್ದು ಒಳ್ಳೆಯದಾಯಿತು ಎಂದಳು. ಹೆಂಡತಿ ಹೋದ ಮೇಲೆ ಇಷ್ಟು ಮೆತ್ತಗಿನ ಮಾತನ್ನು ಗುರುಪುತ್ರಪ್ಪ ಕೇಳಿರಲಿಲ್ಲ.

ಅಷ್ಟಕ್ಕೆ ಅವನು ಅವಲಕ್ಕಿ ತಿಂದು ಸುಮ್ಮನೆ ಕೂತಿದ್ದರೆ ಈ ಕತೆ ಬೇರೆಯಾಗುತ್ತಿತ್ತು. ಆದರೆ ಅವಳದು ಬರೀ ಕನಿಕರ ಎಂದುಕೊಂಡ ಅವನು. ಗಂಡಸಿಗೆ ಕನಿಕರ ತಡೆದುಕೊಳ್ಳುವುದು ಕಷ್ಟ. ಲೋಡನ್ನು ಬಾಜು ಸರಿಸಿ ನೆಟ್ಟಗೆ ಕೂತ.

‘ನೋಡ್ರಿ, ನಿಮಗ ತಪ್ಪು ಸುದ್ದಿ ಬಂದೈತಿ. ನನಗ ಯಾವ ಜಡ್ಡೂ ಇಲ್ಲ. ಹುಟ್ಟಿದಾಗಿಂದ ಒಂದು ಗುಳಿಗಿ ನುಂಗಿಲ್ಲ. ದವಾಖಾನಿಗೆ ನಾನಾಗಿ ಹೋದವನ ಅಲ್ಲ. ಬೇಕಾದ್ರ ಈ ಡಾಕ್ಟರ್ ಬಾಯಿಯವ್ರನ್ನ ಕೇಳ್ರಿ.’

ನೇತ್ರಾ ಸಂತೋಷದಿಂದ ಸಾಕ್ಷಿ ಹೇಳಿದರು. ಹೃದಯ ಹೀಗಿದೆ, ಎಲುಬು ಹಾಗಿದೆ, ಮಿದುಳಿನ ಗೆರೆ ಸ್ವಚ್ಛವಾಗಿದೆ, ಮನಸ್ಸಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದರು. ಬಾಳಪ್ಪನ ಮೋರೆ ಅರಳುತ್ತ ಬಂತು. ಗುರುಪುತ್ರಪ್ಪ ಎದೆಯುಬ್ಬಿಸಿ ಕಾಂತಾಳತ್ತ ನೋಡಿದ. ಅವಳ ಮೋರೆ ಮುಚ್ಚುತ್ತ ಬಂದಿತ್ತು.

‘ಹಂಗಾರ ಮಾನಸಿಕ ಡಾಕ್ಟರ್ ಹಂತ್ಯಾಕ ನೀವ ನಿಮ್ಮ ತ್ರಾಸ ಹೇಳ್ಕೊಳ್ಳಾಕ ಹೋಗಿರಲಿಲ್ಲಾ?’ ಎಂದು ಕೇಳಿದಳು.

‘ಛೇ ಛೇ, ನಾ ಯಾಕ ಹೋಗ್ಲಿರಿ,’ ಎಂದ ಗುರುಪುತ್ರಪ್ಪ ಹೆಮ್ಮೆಯಿಂದ.

ಕಾಂತಾ ಸ್ವಲ್ಪ ಹೊತ್ತು ಬೆರಳಿನ ಸುಣ್ಣ ಒರೆಸಿಕೊಂಡಳು. ಆಮೇಲೆ ತರಗತಿಯಲ್ಲಿ ಪಾಠ ಹೇಳುವಷ್ಟೇ ನಿಧಾನವಾಗಿ ಹೇಳಿದಳು: ‘ನಮ್ಮ ಮನ್ಯಾವ್ರೂ ಗಟ್ಟಿನ ಇದ್ರು. ಎದಿ ನೋವು ಬಂದಾಗ ಗ್ಯಾಸ್ ಅಂದ್ರು. ಕೈ ಜೋಮು ಹಿಡದಾಗ, ಓರಿಯಾಗಿ ಮಲಗಿದ್ದೆ ಅಂದ್ರು. ದವಾಖಾನಿಗೆ ಹೋಗೂಣು ನಡೀರಿ ಅಂದ್ರ, ನಾ ಏನು ಜಡ್ಡಿನ ಮನುಷ್ಯಾನ ಅಂತ ನನಗ ಬೈದ್ರು. ಗಟ್ಟಿ ಇದ್ದಂಗ ಹೋಗಿಬಿಟ್ರು.’

ಬಾಳಪ್ಪ ಎದ್ದು ಫ್ಯಾನು ಸಣ್ಣ ಮಾಡಿದ. ಕಾಂತಾ ಮಾತು ಮುಂದುವರಿಸಿದಳು.

‘ಇವತ್ತ ಫೋನ್ ಬಂದಾಗ ಅಣ್ಣ ಬ್ಯಾಡಂದ, ನಾನ ಕರಸು ಅಂದೆ. ಯಾರ ಜುಲುಮಿನೂ ಇಲ್ದ, ತನ್ನ ಮನಸ್ಸಿನಾಗಿಂದು ಹೇಳ್ಕೊಳ್ಳಾಕ ತಾನಾಗಿ ಡಾಕ್ಟರ್ ಮುಂದ ಹೋಗಿ ಕುಂದರೂ ಗಂಡಸನ್ನ ನಾ ನೋಡಿರಲಿಲ್ಲ. ಅಂಥಾವ್ರು ಒಬ್ರು ಅದಾರ ಅಂದ ಕೂಡ್ಲೆ, ಆತು, ಇವ್ರನ್ನ ಮಾಡ್ಕೋತೀನಿ ಅಂತ ಮನಸ್ಸಿನಾಗ ಹೂಂ ಅಂದಿದ್ದೆ.’

ಆ ಹೂಂ ತನ್ನ ಬಾಯಿಂದಲೇ ಜಾರಿಹೋಯಿತಲ್ಲ ಎಂದು, ಇನ್ನೂ ಹಿಡಿಯಲು ಸಿಕ್ಕೀತೇನೋ ಎಂಬ ಆಸೆಯಿಂದ, ಗುರುಪುತ್ರಪ್ಪ ಮೊಣಕಾಲು ಒತ್ತಿಕೊಂಡ. ಹಾಗೆ ನೋಡಿದರೆ ಈ ಮೊಣಕಾಲು ಭಾಳ ನೋಯುತ್ತದೆ ಎಂದ. ಯಾವಾಗಿನಿಂದ ಎಂದು ಕಾಂತಾ ಕೇಳಿದಳು. ‘ಈಗ ಸ್ವಲ್ಪ ಹೊತ್ತಿನಿಂದ್ರಿ,’ ಎಂದ. ಯಾವ ಮೊಣಕಾಲು ಎಂದು ಕೇಳಿದಳು. ಬಲಗಾಲು ಎಂದ, ಎಡಗಾಲನ್ನು ಒತ್ತುತ್ತ.

ಆಗ ಕಾಂತಾ ಅವನನ್ನು ಫೋಟೋದಲ್ಲಿ ನೋಡಿದಂತೆಯೇ ನೋಡಿದಳು. ನಕಲು ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ಅವನು ತಲೆ ತಗ್ಗಿಸಿದ. ಚಹಾ ಕುಡಿದು ಹೋಗ್ರಿ, ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ್ರಿ ಎಂದು ಹೇಳಿ ಅವಳು ಒಳಗೆ ಹೋದಳು. ಹೋಗುವ ಮುಂಚೆ, ಮಾನಸಿಕ ವಿಭಾಗಕ್ಕೆ ಬರುವವರಲ್ಲಿ ಒಳ್ಳೆಯ ಮನೆತನದ ಒಂಟಿ ಜನ ಯಾರಾದರೂ ಇರುತ್ತಾರೇನು ಎಂದು ನೇತ್ರಾ ಅವರನ್ನು ವಿಚಾರಿಸಿದಳು. ಅದನ್ನು ಹೇಳುವಂತಿಲ್ಲವೆಂದು ನೇತ್ರಾ ನಗು ತಡೆದುಕೊಂಡು ಉತ್ತರಿಸಿದರು.

ಕಾರಿನ ಹತ್ತಿರ ಬಂದ ಮೇಲೆ ನೇತ್ರಾ ಬಹಳ ಸಂಕೋಚದಿಂದ ಇನ್ನೊಂದು ಮಾತು ಹೇಳಿದರು. ಮೊಣಕಾಲು ನೋವು ಖರೇ ಆಗಿದ್ದರೆ ಅವನು ಗಟ್ಟಿ ಮನುಷ್ಯರ ಪಟ್ಟಿಯಲ್ಲಿ ಉಳಿಯುವ ಹಾಗಿಲ್ಲ. ಸುಳ್ಳಾಗಿದ್ದರೆ, ಮುಂಜಾನೆಯಿಂದ ಕೊಟ್ಟ ಉತ್ತರಗಳಲ್ಲಿ ಯಾವುದು ಖರೇ ಯಾವುದು ಸುಳ್ಳು ಎಂದು ಯಾರಿಗೆ ಗೊತ್ತು? ‘ಎರಡರಾಗ ಯಾವುದು ಆದ್ರೂ ನಿಮ್ಮ ಹೆಸರು ತಗೀಬೇಕಾಗ್ತದ್ರಿ. ತಪ್ಪು ತಿಳ್ಕೋಬ್ಯಾಡ್ರಿ,’ ಎಂದು ಅವನನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ನಂದಗಡದ ಕಡೆಗೆ ಹೊರಟುಹೋದರು.

ಮರಾಠಿಯಲ್ಲೊಂದು ಕನ್ನಡದಲ್ಲೊಂದು ಕೂಗು ಹಾಕುತ್ತ ಬಸ್ಸುಗಳು ಬಂದುಹೋದವು. ಗುರುಪುತ್ರಪ್ಪ ಕಲ್ಲಿನ ಕಟ್ಟೆಯ ಮೇಲೆ ಕೂತು ಮನೆಗೆ ಫೋನು ಹಚ್ಚಿದ. ಸಾತವ್ವ ಮೊದಲ ಗಂಟೆಗೇ ಎತ್ತಿದಳು. ಎಲ್ಲಿದ್ದಿ, ಬೈದರೇನು, ಏನಾಯಿತು ಎಂದು ಒಂದೇ ಉಸಿರಲ್ಲಿ ಕೇಳಿದಳು. ಬೇಡವೆಂದರು ಎಂದ. ಯಾಕೆ ಎಂದು ಕೇಳಿದಳು.

ಗುರುಪುತ್ರಪ್ಪ ಏನು ಹೇಳಬೇಕೆಂದು ಬಹಳ ವಿಚಾರ ಮಾಡಿದ. ಮುಂಜಾನೆ ಅಕ್ಕನಿಗೆ ಹೇಳಿದ್ದು ಸುಳ್ಳು, ಇದೊಂದಾದರೂ ಖರೇ ಹೇಳೋಣ ಅನಿಸಿತು.

‘ನನಗ ಯಾವ ಜಡ್ಡೂ ಇಲ್ಲಂತ ಬ್ಯಾಡಂದ್ರು ಯಕ್ಕಾ,’ ಎಂದ. ‘ಮನಸ್ಸಿನ ಜಡ್ಡು ಇದ್ದಿದ್ರ ಮಾಡ್ಕೋತಿದ್ರಂತ.’

ಅತ್ತ ಸಾತವ್ವ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಜುವಿನಲ್ಲಿದ್ದವರಿಗೆ ಹೇಳುವುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

‘ತ್ರಿವೇಣಿ, ರಾಯಪ್ಪಗ ಜಲ್ದಿ ಗಾಡಿ ತರಾಕ ಹೇಳವಾ. ಜಡ್ಡು ಭಾಳ ಏರೇತಿ.’